ಹಳೆಯ ವೈಸ್‌ನಲ್ಲಿ ಕಚ್ಚಿಕೊಂಡ ಸ್ಕ್ರೂಗಳನ್ನು ಬಿಚ್ಚುವ ಕ್ರಮ

ತಲಪಾಡಿಯಿಂದ ತೃಕ್ಕರಿಪುರದವರೆಗಿನ ಕಾಸರಗೋಡಿನ ಕರಾವಳಿಯಲ್ಲಿ ಉಪ್ಪುಗಾಳಿಗೂ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಗೂ ಒಡ್ಡಿಕೊಂಡ ಕಬ್ಬಿಣ ಬೇಗನೆ ತುಕ್ಕು ಹಿಡಿಯುತ್ತದೆ. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯ ತೋಟದ ಮನೆಗಳಲ್ಲಿ ಅಡಿಕೆಯ ಕೊಳೆರೋಗಕ್ಕೆಂದು ತಂದ ಮೈಲುತುತ್ತಿನ (ತಾಮ್ರದ ಸಲ್ಫೇಟಿನ) ಚೀಲವನ್ನು ಹತ್ಯಾರುಗಳ ಪಕ್ಕದಲ್ಲಿಯೇ ಇಡುವ ರೂಢಿಯೂ ಇದೆ. ತೇವಗೊಂಡ ಮೈಲುತುತ್ತು ತಾಗಿದಲ್ಲಿ ಕಬ್ಬಿಣ ಸವೆದು ಅದರ ಮೇಲೆ ತಾಮ್ರದ ತೆಳುಪದರ ಕೂರುವುದರಿಂದ, ಅಂಥ ಕೊಟ್ಟಿಗೆಯಿಂದ ಹೊರಬಂದ ಹತ್ಯಾರಿನ ಸ್ಕ್ರೂ ಹೊರಗೆ ಕಾಣುವುದಕ್ಕಿಂತ ಒಳಗೆ ಹೆಚ್ಚು ಕೆಟ್ಟಿರುತ್ತದೆಂದು ತಿಳಿದೇ ಕೆಲಸಕ್ಕೆ ಕೈಹಾಕಬೇಕು.

ವೈಸ್‌ನ, ಅಂದರೆ ಕೆಲಸದ ವಸ್ತುವನ್ನು ಎರಡು ದವಡೆಗಳ ನಡುವೆ ಕಚ್ಚಿಹಿಡಿಯುವ ಹತ್ಯಾರಿನ, ದವಡೆಯ ಪಟ್ಟಿಗಳನ್ನು ಹಿಡಿದಿರುವ ಸ್ಕ್ರೂಗಳನ್ನೇ ತೆಗೆದುಕೊಳ್ಳೋಣ. ಇವುಗಳ ತಲೆಯ ಸೀಳಿನಲ್ಲಿ ಅರದ ಪುಡಿ, ಗ್ರೀಸು, ಬಣ್ಣ ಎಲ್ಲವೂ ಸೇರಿ ಕಲ್ಲಿನಂತೆ ಗಟ್ಟಿಯಾಗಿರುತ್ತವೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮುರಿದ ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಸೀಳನ್ನು ತಳದವರೆಗೂ ಕೆರೆದು ತೆಗೆಯಬೇಕು. ಸ್ಕ್ರೂಡ್ರೈವರಿನ ತುದಿ ಸೀಳಿನಲ್ಲಿ ಅಲುಗಾಡದಂತೆ ಕೂರದಿದ್ದರೆ ಅದನ್ನು ಗ್ರೈಂಡರಿನಲ್ಲಿ ಉಜ್ಜಿ ಸೀಳಿನ ಅಗಲಕ್ಕೆ ಸರಿಹೊಂದಿಸಿಕೊಳ್ಳಬೇಕು. ಸ್ಕ್ರೂವಿನ ತಲೆ ಹಾಳಾಗುವುದು ತುಕ್ಕಿನಿಂದಲ್ಲ, ಬಹುಮಟ್ಟಿಗೆ ಹೊಂದದ ಸ್ಕ್ರೂಡ್ರೈವರಿನಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಸೀಳಿನ ಅಂಚು ಆಗಲೇ ಸವೆದಿದ್ದರೆ ಎಂಜಿನ್ ಕೆಲಸದವರು ಬಳಸುವ, ತರಿತರಿಯಾದ ವಾಲ್ವ್ ಗ್ರೈಂಡಿಂಗ್ ಪೇಸ್ಟನ್ನು ಚೂರು ಹಚ್ಚಿ ಒತ್ತಿದರೆ ಹಿಡಿತ ಗಣನೀಯವಾಗಿ ಹೆಚ್ಚುತ್ತದೆ.

ನಮ್ಮ ಮನೆಗಳಲ್ಲಿ ಮೊದಲು ಕೈಗೆ ಸಿಗುವುದು ತೆಂಗಿನೆಣ್ಣೆಯಾದರೂ ಅದು ಈ ಕೆಲಸಕ್ಕೆ ಆಗದು. ಅದು ದಪ್ಪ, ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಥ್ರೆಡ್ಡಿನ (ಸ್ಕ್ರೂವಿನ ಸುರುಳಿ ಹಲ್ಲುಗಳ) ಸಂದಿಗೆ ಇಳಿಯುವುದಿಲ್ಲ. ತುಕ್ಕು ಬಿಡಿಸಲೆಂದೇ ಮಾರುವ ಎಣ್ಣೆ ಇಲ್ಲದಿದ್ದರೆ ಸೀಮೆಎಣ್ಣೆಗೆ ಸ್ವಲ್ಪ ಹೊಲಿಗೆ ಯಂತ್ರದ ಎಣ್ಣೆ ಬೆರೆಸಿ ಬಿಟ್ಟು, ಒಂದು ರಾತ್ರಿ ಕಾಯಬೇಕು. ನಡುನಡುವೆ ತಲೆಯ ಮೇಲೆ ಪಂಚ್ (ಉಕ್ಕಿನ ಗಿಡ್ಡ ಸರಳು) ಇಟ್ಟು ಸುತ್ತಿಗೆಯಿಂದ ನೇರವಾಗಿ ಸಣ್ಣ ಪೆಟ್ಟು ಕೊಟ್ಟರೆ ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆ ಒಳಗೆ ಹರಿಯುತ್ತದೆ. ತಿರುಗಿಸುವಾಗಲೂ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಸಡಿಲಿಸುವ ಕಡೆಗೆ, ಹೀಗೆ ಹಿಂದೆಮುಂದೆ ಆಡಿಸಬೇಕು. ಬೆಂಚ್ ಗ್ರೈಂಡರಿನ ಎಡಬದಿಯ ನಟ್ಟಿನಂತಹ ಕೆಲವು ಕಡೆ ಥ್ರೆಡ್ಡು ಎಡಸುತ್ತಿನದ್ದಾಗಿರುತ್ತದೆ; ಅಲ್ಲಿ ನಿತ್ಯದ ದಿಕ್ಕಿಗೆ ಬಲ ಹಾಕಿದರೆ ಅದು ಇನ್ನಷ್ಟು ಬಿಗಿಯುತ್ತದೆ.

ಅಷ್ಟಕ್ಕೂ ಬಗ್ಗದಿದ್ದರೆ ಬೆಂಕಿ. ಎಣ್ಣೆಯನ್ನು ಪೂರ್ತಿ ಒರೆಸಿ, ಸೀಮೆಎಣ್ಣೆಯ ಡಬ್ಬಿಯನ್ನು ದೂರವಿಟ್ಟ ಮೇಲೆ ಗ್ಯಾಸ್ ಟಾರ್ಚಿನಿಂದ ಸ್ಕ್ರೂವನ್ನಲ್ಲ, ಅದರ ಸುತ್ತಲಿನ ಕಬ್ಬಿಣವನ್ನು ಬಿಸಿಮಾಡಬೇಕು. 10 ಮಿಲಿಮೀಟರ್ ಕಬ್ಬಿಣ 100 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಸುಮಾರು 0.012 ಮಿಲಿಮೀಟರ್ ಮಾತ್ರ. ಆದರೂ ತುಕ್ಕಿನ ಹಿಡಿತ ಮುರಿಯಲು ಬಹಳ ಸಲ ಅಷ್ಟೇ ಸಾಕಾಗುತ್ತದೆ. ಬಿಸಿ ಇರುವಾಗಲೇ ಮೇಣದಬತ್ತಿಯ ತುಂಡನ್ನು ಸ್ಕ್ರೂವಿನ ಅಂಚಿಗೆ ತಾಗಿಸಿದರೆ ಕರಗಿದ ಮೇಣ ತಾನಾಗಿ ಥ್ರೆಡ್ಡಿನೊಳಗೆ ಇಳಿಯುತ್ತದೆ. ವೈಸ್‌ನ ಮೈ ಬೀಡುಕಬ್ಬಿಣದ್ದಾದ್ದರಿಂದ ಒಂದೇ ಚುಕ್ಕೆಯನ್ನು ಕಾಯಿಸುವುದೂ, ಕಾದದ್ದರ ಮೇಲೆ ನೀರು ಸುರಿಯುವುದೂ ಬಿರುಕಿಗೆ ದಾರಿ. ಕೀಸುಳಿಯ ಅಲಗು ಅಥವಾ ಯಾವುದೇ ಸ್ಪ್ರಿಂಗನ್ನು ಟಾರ್ಚಿನ ಹತ್ತಿರಕ್ಕೂ ತರಬಾರದು, ಅವುಗಳ ಹದ ಹೋಗಿಬಿಡುತ್ತದೆ. ಮರದ ಹಿಡಿಯಲ್ಲಿ ಸಿಕ್ಕಿಕೊಂಡ ಸ್ಕ್ರೂವಿಗೆ ಟಾರ್ಚೇ ಬೇಡ: ಸೋಲ್ಡರಿಂಗ್ ಐರನ್ನಿನ ತುದಿಯನ್ನು ತಲೆಯ ಮೇಲೆ ಎರಡು ಮೂರು ನಿಮಿಷ ಒತ್ತಿಹಿಡಿದು, ತಣಿದ ಮೇಲೆ ತಿರುಗಿಸಿದರಾಯಿತು.

ತಲೆ ಪೂರ್ತಿ ನುಣುಪಾಗಿದ್ದರೆ ಕೊರೆಯುವುದೊಂದೇ ಉಳಿದ ಮಾರ್ಗ. ತಲೆಯ ಸರಿಯಾದ ನಡುವಿಗೆ ಚೂಪು ತುದಿಯ ಸೆಂಟರ್ ಪಂಚ್ ಹೊಡೆದು, ಕನ್ನಡಕ ಧರಿಸಿ, ಎಣ್ಣೆ ಬಿಡುತ್ತಾ ನಿಧಾನ ವೇಗದಲ್ಲಿ ಮೊದಲು 3 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ, ಬಳಿಕ ಸ್ಕ್ರೂವಿನ ಕಾಂಡದಷ್ಟೇ ದಪ್ಪದ ಬಿಟ್ಟಿನಿಂದ, ತಲೆ ಕಳಚುವವರೆಗೆ ಮಾತ್ರ ಕೊರೆಯಬೇಕು. ತಲೆ ಕಳಚಿದೊಡನೆ ಬಿಗಿತ ಇಳಿಯುತ್ತದೆ. ದವಡೆಯ ಪಟ್ಟಿಯನ್ನು ಎತ್ತಿದಾಗ ಹೊರಚಾಚಿ ಉಳಿಯುವ ತುಂಡನ್ನು ಲಾಕಿಂಗ್ ಪ್ಲೈಯರ್‌ನಲ್ಲಿ ಕಚ್ಚಿ ತಿರುಗಿಸಿದರೆ ಹೆಚ್ಚಿನ ಸಲ ಸಲೀಸಾಗಿ ಬರುತ್ತದೆ. ಅಂಗಡಿಯವರು ಮೊದಲು ಕೊಡುವುದು, ಸ್ಕ್ರೂವಿನಲ್ಲಿ ಕೊರೆದ ತೂತಿಗೆ ಕಚ್ಚಿಸಿ ಅದನ್ನು ತಿರುಗಿಸಿ ತೆಗೆಯುವ ಸ್ಕ್ರೂ ಎಕ್ಸ್‌ಟ್ರಾಕ್ಟರ್. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಅದು ಬಲು ಗಡುಸಾದ ಉಕ್ಕು, ತೂತಿನೊಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ಟು ಅದನ್ನು ಕೊರೆಯಲಾರದು. ತುಂಡು ಮೈಮಟ್ಟಕ್ಕೇ ಮುರಿದಿದ್ದರೆ ಅದರ ಮೇಲೊಂದು ನಟ್ಟು ಇಟ್ಟು ವೆಲ್ಡಿಂಗ್ ಮಾಡಿಸುವುದು ಲೇಸು, ಏಕೆಂದರೆ ಆ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ.

ಹೊಸ ಸ್ಕ್ರೂ ಹಾಕುವ ಮೊದಲು ಥ್ರೆಡ್ಡನ್ನು ಥ್ರೆಡ್ ಗೇಜಿನಿಂದ (ಹಲ್ಲಿನ ಅಳತೆಪಟ್ಟಿಗಳಿಂದ) ಅಳೆಯಬೇಕು. ಇಂಗ್ಲೆಂಡಿನ ಹಳೆಯ ವೈಸ್‌ಗಳಲ್ಲಿ ಸಾಮಾನ್ಯವಾಗಿ ಇಂಚಿನ ಅಳತೆಯ ಹಳೆಯ ಬ್ರಿಟಿಷ್ ಮಾನಕವಾದ ವಿಟ್‌ವರ್ತ್ ಥ್ರೆಡ್ಡು ಇರುತ್ತದೆ: ಅದರ ಹಲ್ಲಿನ ಕೋನ 55 ಡಿಗ್ರಿ, ಮೆಟ್ರಿಕ್ಕಿನದ್ದು 60, ಕಾಲಿಂಚಿನ ವಿಟ್‌ವರ್ತಿನಲ್ಲಿ ಇಂಚಿಗೆ 20 ಸುತ್ತು, 6 ಮಿಲಿಮೀಟರಿನ ಮೆಟ್ರಿಕ್ ಸ್ಕ್ರೂವಿನಲ್ಲಿ 25ಕ್ಕೂ ಸ್ವಲ್ಪ ಹೆಚ್ಚು. ಕಣ್ಣಿಗೆ ಒಂದೇ ಎನಿಸುವ ಇವೆರಡರಲ್ಲಿ ಮೆಟ್ರಿಕ್ ಸ್ಕ್ರೂ ಒಂದೆರಡು ಸುತ್ತು ಒಳಹೋಗಿ ನಿಲ್ಲುತ್ತದೆ. ಅಲ್ಲಿ ಬಲ ಹಾಕದೆ ಹೊರತೆಗೆದು, ಸರಿಯಾದ ಟ್ಯಾಪಿನಿಂದ (ತೂತಿನೊಳಗೆ ಥ್ರೆಡ್ಡು ಕೊರೆಯುವ ಹತ್ಯಾರಿನಿಂದ) ತೂತನ್ನು ಶುದ್ಧಮಾಡಿ, ಹೊಂದುವ ಸ್ಕ್ರೂವಿಗೆ ಗ್ರೀಸು ಸವರಿ ಕೈಯಿಂದಲೇ ಕೊನೆಯವರೆಗೆ ಇಳಿಸಿ, ಆಮೇಲೆ ಸ್ಕ್ರೂಡ್ರೈವರಿನಿಂದ ಬಿಗಿಯಬೇಕು.