ಹೆಣ್ಣಿಲಿಗೆ ನೆನಪು ಕಮ್ಮಿ ಅಂದವರಿಗೆ: ನನ್ನ ಅನುಭವ

"ಹೆಣ್ಣಿಲಿ ಬೇಡ, ಡೇಟಾ ಕೆಡುತ್ತೆ." ಪಿಎಚ್‌ಡಿಗೆ ಸೇರಿದಾಗ ಲ್ಯಾಬಿನ ಸೀನಿಯರ್‌ಗಳೆಲ್ಲ ಹೇಳಿದ್ದು ಇದೇ. ನಾಲ್ಕೈದು ದಿನಕ್ಕೊಮ್ಮೆ ಸುತ್ತುವ ಋತುಚಕ್ರ, ಯಾರಿಗೆ ಬೇಕು ಆ ತಲೆನೋವು ಅಂತ. ನಾನು ಹಟ ಹಿಡಿದೆ. 24 ಗಂಡು, 24 ಹೆಣ್ಣು ವಿಸ್ಟಾರ್ (ಲ್ಯಾಬಿನ ಬಿಳಿ ತಳಿ) ಇಲಿಗಳಿಗೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದೆ.

ಮೊದಲ ಬ್ಯಾಚಿನ ಶುರುವೇ ಹಾಳಾಯಿತು. ನೆನಪು ಅಳೆಯಲು ವಾಟರ್ ಮೇಜ್, ಅಂದರೆ ತೊಟ್ಟಿಯ ನೀರಿನಡಿ ಅಡಗಿದ ಪ್ಲಾಟ್‌ಫಾರ್ಮ್ ಎಲ್ಲಿದೆ ಅಂತ ಇಲಿ ಈಜಿ ಹುಡುಕುವ ಪರೀಕ್ಷೆ. ಪ್ಲಾಟ್‌ಫಾರ್ಮ್ ಕಾಣದಿರಲಿ ಅಂತ ನೀರಿಗೆ ಹಾಲಿನ ಪುಡಿ ಕಲಸಿದ್ದೆ. ಬಿಳಿ ಇಲಿ, ಬಿಳಿ ನೀರು, ಕ್ಯಾಮೆರಾಗೆ ಇಲಿಯೇ ಸಿಗಲಿಲ್ಲ. ಎರಡನೇ ದಿನಕ್ಕೆ ನಾತ ಬೇರೆ. ಸಾವಿರ ಲೀಟರ್ ನೀರು ಚೆಲ್ಲಿ, ವಿಷವಿಲ್ಲದ ಕಪ್ಪು ಬಣ್ಣಕ್ಕೆ ಬದಲಾಯಿಸಿದೆ. ಆಮೇಲೆ ಸಿಕ್ಕ ಲೆಕ್ಕ: ನಾಲ್ಕನೇ ದಿನ ಗಂಡುಗಳು ಸುಮಾರು 15 ಸೆಕೆಂಡಿಗೆ ಪ್ಲಾಟ್‌ಫಾರ್ಮ್ ಹತ್ತುತ್ತಿದ್ದವು, ಹೆಣ್ಣುಗಳಿಗೆ 30 ದಾಟುತ್ತಿತ್ತು. "ನೋಡಿದ್ಯಾ? ಹೆಣ್ಣಿಲಿಗೆ ನೆನಪು ಕಮ್ಮಿ" ಅಂದರು ಎಲ್ಲರೂ.

ನನಗೆ ಒಪ್ಪಿಗೆಯಾಗಲಿಲ್ಲ. ರಾತ್ರಿ ಕೂತು ವಿಡಿಯೊ ಒಂದೊಂದಾಗಿ ನೋಡಿದೆ. 17ನೇ ನಂಬರಿನ ಹೆಣ್ಣು ನೀರಿಗೆ ಬಿಟ್ಟ ಕೂಡಲೇ ತೊಟ್ಟಿಯ ಗೋಡೆಗೆ ಮೀಸೆ ತಾಗಿಸಿಕೊಂಡು ಸುತ್ತುತ್ತದೆ. ಮುಂಗಾಲಿನಿಂದ ಗೋಡೆ ಕೆರೆಯುತ್ತದೆ. ಮತ್ತೆ ಸುತ್ತು. ನಡುವಿಗೆ ಬರುವುದೇ ಇಲ್ಲ. ಇದು ಮರೆವಲ್ಲ, ಹೆದರಿಕೆ.

ಎರಡನೇ ಬ್ಯಾಚಿಗೆ ಮೊದಲು ಮೂರು ದಿನ ಸುಮ್ನೆ ನೀರಿನ ಅಭ್ಯಾಸ. ಸುತ್ತ ಪರದೆ, ಪ್ಲಾಟ್‌ಫಾರ್ಮ್ ಪ್ರತಿ ಸಲ ಬೇರೆ ಕಡೆ. ಪೆರೋ-ಸಿನಾಲ್ ಎಂಬ ಸಂಶೋಧಕಿ ಮತ್ತು ಜೊತೆಗಾರರು 1996ರಲ್ಲೇ ಹೀಗೆ ಮಾಡಿ ತೋರಿಸಿದ್ದರು, ನಮ್ಮಲ್ಲಿ ಯಾರೂ ಓದಿರಲಿಲ್ಲ. ಋತುಚಕ್ರದ ಹಂತ ತಿಳಿಯಲು ಹೆಣ್ಣುಗಳ ಯೋನಿಯ ಸ್ಮಿಯರನ್ನು (ಕೋಶಗಳ ಮಾದರಿ) ಈಜು ಮುಗಿದ ಮೇಲೆಯೇ ತೆಗೆದೆ, ಗಂಡುಗಳನ್ನೂ ಅಷ್ಟೇ ಹೊತ್ತು ಕೈಯಲ್ಲಿ ಹಿಡಿದೆ. ಸ್ಲೈಡಿನಲ್ಲಿ ಅವಲಕ್ಕಿ ಚೆಲ್ಲಿದ ಹಾಗೆ ಚಪ್ಪಟೆ ಕೋಶಗಳು ಕಂಡರೆ ಈಸ್ಟ್ರಸ್, ಅಂದರೆ ಬೆದೆಯ ಹಂತ. ಒಂದು ತಿಂಗಳಿಗೆ ಕಣ್ಣು ಪಳಗಿತು. ಇಲಿ ಒಂಚೂರೂ ಕೊಸರದ ಹಾಗೆ ಹಿಡಿಯುವ ನನ್ನ ರೀತಿಯನ್ನು ಇಲ್ಲಿ ಬರೆಯುವುದಿಲ್ಲ, ಅದು ಕೈಯಿಂದ ಕೈಗೆ ಕಲಿಯಬೇಕಾದದ್ದು.

ನಿಜವಾದ ಪೆಟ್ಟು ಬಿದ್ದದ್ದು ಸಿ-ಫಾಸ್‌ನಲ್ಲಿ, ಅಂದರೆ ಮಿದುಳಿನ ಕೋಶಗಳು ಚುರುಕಾದಾಗ ಏರುವ ಪ್ರೋಟೀನಿನ ಎಣಿಕೆಯಲ್ಲಿ. ಅದನ್ನು ಗುರುತಿಸುವ ಆ್ಯಂಟಿಬಾಡಿಗೆ 38 ಸಾವಿರವೋ ಏನೋ ಕೊಟ್ಟೆವು. ದಾರಿಯಲ್ಲಿ ಐಸ್ ಕರಗಿ ಬಂತು. ಒಂದು ಡಜನ್ ಮಿದುಳುಗಳ ಸೆಕ್ಷನ್‌ಗಳು (ತೆಳು ಸೀಳುಗಳು) ಬರೀ ಕಂದು ಮಸಿ. ಆ ಇಲಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಎರಡನೇ ಬಾಟಲಿಗೆ ಗೈಡ್ ಹತ್ತಿರ ಬೇಡಿ ದುಡ್ಡು ತಂದೆ. ಇನ್ನೊಂದು ತಪ್ಪೂ ಆಗ ತಿಳಿಯಿತು. ನಿಧಾನದ ಇಲಿ ಜಾಸ್ತಿ ಈಜುತ್ತದೆ, ಆ ಈಜಿಗೇ ಸಿ-ಫಾಸ್ ಏರಬಹುದು. ಹಾಗಾಗಿ ಅಷ್ಟೇ ಹೊತ್ತು ಪ್ಲಾಟ್‌ಫಾರ್ಮ್ ಇಲ್ಲದೆ ಈಜಿದ ಜೋಡಿ ಇಲಿಗಳನ್ನೂ ಇಟ್ಟೆ.

ನಡುವೆ ಒಂದು ಚಿಕ್ಕ ಪ್ರಯೋಗ. ಗೋಡೆಯ ಚಿತ್ರಗಳನ್ನೆಲ್ಲ ತೆಗೆದು, ಕೋಣೆಯ ಆಕಾರ ಮಾತ್ರ ಬಿಟ್ಟೆ. ಹೆಣ್ಣುಗಳೇ ಜಾಸ್ತಿ ತಡಕಾಡಿದವು. ಎಂಟೇ ಇಲಿ, ದೊಡ್ಡ ಮಾತು ಆಡಲಾರೆ. ಆದರೆ ಸಂಶೋಧಕರಾದ ವಿಲಿಯಮ್ಸ್ ಮತ್ತು ಮೆಕ್ 1990ರ ಸುಮಾರಿಗೆ ಹೇಳಿದ್ದೂ ಇದೇ ದಿಕ್ಕಿನದು.

ಕೊನೆಯ ಪರೀಕ್ಷೆಯಲ್ಲಿ ಪ್ಲಾಟ್‌ಫಾರ್ಮ್ ತೆಗೆದು 60 ಸೆಕೆಂಡ್ ಬಿಟ್ಟೆ. ತೊಟ್ಟಿಯಲ್ಲಿ ಪ್ಲಾಟ್‌ಫಾರ್ಮ್ ಇದ್ದ ಕಾಲುಭಾಗದಲ್ಲಿ ಗಂಡುಗಳು ಕಳೆದದ್ದು 29 ಸೆಕೆಂಡ್, ಹೆಣ್ಣುಗಳು 28. ಮಿದುಳಿನಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಸಿಎ1 ಭಾಗದ ಸಿ-ಫಾಸ್ ಎಣಿಕೆಯಲ್ಲೂ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ. ಬೇಡ ಅಂದಿದ್ದ ಸೀನಿಯರ್ ಒಬ್ಬರು ಹೋದ ತಿಂಗಳು ನನ್ನ ಸ್ಮಿಯರ್ ಚಾರ್ಟಿನ ಕಾಪಿ ತಗೊಂಡು ಹೋದರು.