ಹಳೆಯ ಪಿಎಸ್‌ಪಿ ಕೊಳ್ಳುವ ಮೊದಲು ಬ್ಯಾಟರಿ ತಿರುಗಿಸಿ ನೋಡಿ

ಗಲ್ಫಿನಿಂದ ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಒಂದು ಕಾಲಕ್ಕೆ ಪಿಎಸ್‌ಪಿ, ಅಂದರೆ ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಇರುತ್ತಿತ್ತು. ನಮ್ಮ ಕಾಸರಗೋಡಿನ ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆ ಎಷ್ಟೋ ಮನೆಗಳ ಕಪಾಟಿನಲ್ಲಿ ಅವು ಈಗಲೂ ಇವೆ. ಅದನ್ನು ಹೊರತೆಗೆದು, ಇಲ್ಲವೇ ಸೆಕೆಂಡ್ ಹ್ಯಾಂಡ್ ಕೊಂಡು, ಮಾಡ್ ಮಾಡುವ, ಅಂದರೆ ಕಂಪನಿಯದಲ್ಲದ ತಂತ್ರಾಂಶ ಹಾಕುವ, ಹುಮ್ಮಸ್ಸು ಈಗಿನ ಮಕ್ಕಳಿಗೆ. ಕಳೆದ ಮಳೆಗಾಲದಲ್ಲಿ ನನ್ನ ಮೇಜಿಗೆ ಅಂಥ ಮೂರು ಪಿಎಸ್‌ಪಿ ಬಂದವು, ಮೂರೂ ಸತ್ತಿದ್ದವು. ತಂತ್ರಾಂಶ ಹಾಕುವುದರಲ್ಲಿ ಯಾರೂ ತಪ್ಪಿರಲಿಲ್ಲ. ಮಾಡ್‌ಗೆ ಮೊದಲು ಮಾಡುವ ಸಿಸ್ಟಮ್ ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋಗಿತ್ತು, ಬ್ಯಾಟರಿಯೂ ಕೈಕೊಟ್ಟಿತ್ತು. ಹಾಗಾಗಿ ಈ ಲೇಖನದಲ್ಲಿ ಅರ್ಧ ಬ್ಯಾಟರಿಯ ಮಾತೇ.

ಮೊದಲು ಮಾದರಿ. 2004ರಲ್ಲಿ ಜಪಾನಿನಲ್ಲಿ ಬಂದ 1000 ಎಂಬ ಮಾದರಿ ದಪ್ಪ, ತೂಕ 280 ಗ್ರಾಂ. 2007ರ 2000 ಬರೀ 189 ಗ್ರಾಂ. 2008ರ 3000ರ ಪರದೆಯ ಬಣ್ಣ ಇನ್ನೂ ಚೆನ್ನ, ಆದರೆ ವೇಗದ ದೃಶ್ಯಗಳಲ್ಲಿ ಸಣ್ಣ ಅಡ್ಡಗೆರೆ ಕಾಣುತ್ತದೆ. ನಾನು 3000 ತೆಗೆದುಕೊಳ್ಳಿ ಎನ್ನುತ್ತೇನೆ. ಗೋ ಎಂಬ ಮಾದರಿ ಬೇಡ. ಅದಕ್ಕೆ ಪಿಎಸ್‌ಪಿ ಆಟಗಳು ಬರುವ ಯುಎಂಡಿ ಎಂಬ ಸಣ್ಣ ಡಿಸ್ಕ್ ಹಾಕಲಾಗುವುದಿಲ್ಲ, ಬ್ಯಾಟರಿಯನ್ನು ಕೈಯಲ್ಲಿ ತೆಗೆಯಲೂ ಆಗುವುದಿಲ್ಲ.

ಕೊಳ್ಳುವ ಜಾಗದಲ್ಲೇ ಹಿಂದಿನ ಮುಚ್ಚಳ ತೆಗೆಯಿರಿ. ಮುಚ್ಚಳ ನಡುವಿನಲ್ಲಿ ಎದ್ದು ನಿಂತಿದ್ದರೆ ಅಲ್ಲಿಯೇ ಅರ್ಧ ಉತ್ತರ ಸಿಕ್ಕಿತು. ಬ್ಯಾಟರಿಯನ್ನು ಗಾಜಿನ ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ಮೆಲ್ಲನೆ ತಿರುಗಿಸಿ. ಸಪಾಟಾದದ್ದು ಸ್ವಲ್ಪ ಜಾರಿ ನಿಲ್ಲುತ್ತದೆ. ಉಬ್ಬಿದ್ದು ಬುಗುರಿಯ ಹಾಗೆ ಗಿರ್ರನೆ ತಿರುಗುತ್ತದೆ. ಹಳತಾದ ಲಿಥಿಯಂ ಬ್ಯಾಟರಿಯೊಳಗೆ ಅನಿಲ ಸೇರಿ ಹೀಗಾಗುವುದು. "ಮುಚ್ಚಳ ಒತ್ತಿದರೆ ಕೂರ್ತದೆ ಅಣ್ಣ" ಎಂದು ಮಾರುವವರು ಹೇಳುತ್ತಾರೆ. ಒತ್ತಬೇಡಿ, ಚುಚ್ಚಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ತೆಂಗಿನ ಸೋಗೆ, ತರಗೆಲೆ ಸುಡುವ ಗುಂಡಿಗಂತೂ ಎಸೆಯಲೇಬಾರದು. ಕಸ ಒಯ್ಯಲು ಮನೆಗೆ ಬರುವ ಹರಿತ ಕರ್ಮ ಸೇನೆಯವರಲ್ಲಿ ಕೇಳಿ, ಎಲ್ಲಿ ಕೊಡಬೇಕೆಂದು ತಿಳಿಸುತ್ತಾರೆ.

ಇನ್ನು ಹೊಸ ಬ್ಯಾಟರಿ. 1000ಕ್ಕೆ ಕಂಪನಿ ಕೊಡುತ್ತಿದ್ದದ್ದು 1800 ಎಂಎಎಚ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ), 2000 ಮತ್ತು 3000ಕ್ಕೆ 1200. ಅದೇ ಅಳತೆಯ ಡಬ್ಬಿಯ ಮೇಲೆ 3600 ಎಂದು ಅಚ್ಚು ಹಾಕಿದ್ದರೆ ನಂಬಬೇಡಿ, ಅಷ್ಟು ಶಕ್ತಿ ಅಷ್ಟು ಜಾಗದಲ್ಲಿ ಹಿಡಿಯುವುದಿಲ್ಲ. ನನಗೆ ಒಬ್ಬ ಅಂಗಡಿಯವರು ಕೊಟ್ಟ ಅಂಥದ್ದೊಂದು ಪರದೆಯಲ್ಲಿ 80 ಪ್ರತಿಶತ ತೋರಿಸುತ್ತಲೇ ಆರಿಹೋಗಿತ್ತು. ಪರೀಕ್ಷೆ ಹೀಗೆ: ಪೂರ್ತಿ ಚಾರ್ಜ್ ಮಾಡಿ, ಪರದೆಯ ಬೆಳಕು ಏರಿಸಿ, ಒಂದು ಗಂಟೆ ಆಟ ಓಡಿಸಿ. ಹತ್ತು ಹತ್ತು ನಿಮಿಷಕ್ಕೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಬ್ಯಾಟರಿ ಮಾಹಿತಿ ತೆರೆದು ಅಂಕಿ ಬರೆದಿಡಿ. ಒಂದೇ ಹದದಲ್ಲಿ ಇಳಿಯಬೇಕು. 70ರಿಂದ ಒಮ್ಮೆಲೇ 20ಕ್ಕೆ ಬಿದ್ದರೆ ಆ ಬ್ಯಾಟರಿಯನ್ನು ನಂಬಿ ಅಪ್‌ಡೇಟ್‌ಗೆ ಕೈಹಾಕಬೇಡಿ.

ಆಟ, ಫೈಲುಗಳನ್ನು ಇಡುವ ಮೆಮೊರಿ ಸ್ಟಿಕ್‌ನಲ್ಲೂ ನಕಲಿಯ ಕಾಟ ಇದೆ. ಪಿಎಸ್‌ಪಿಗೆ ಹೊಂದುವ ಹಳೆಯ ಪ್ರೊ ಡ್ಯುವೊ ಸ್ಟಿಕ್ ಹುಡುಕುತ್ತಾ ಅಲೆಯುವುದಕ್ಕಿಂತ, ಮೈಕ್ರೊ ಎಸ್‌ಡಿ ತೂರಿಸುವ ಅಡಾಪ್ಟರ್ ಕೊಂಡು ಒಳ್ಳೆಯ 32 ಜಿಬಿ ಕಾರ್ಡ್ ಹಾಕಿ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಕಂಪ್ಯೂಟರಿನಲ್ಲಿ ಕೊನೆಯವರೆಗೂ ತುಂಬಿಸಿ ಪರೀಕ್ಷಿಸಿ, ಆಮೇಲೆ ಪಿಎಸ್‌ಪಿಯಲ್ಲೇ ಫಾರ್ಮ್ಯಾಟ್ ಮಾಡಿ.

ಈಗ ಅಪ್‌ಡೇಟ್. ಸಿಸ್ಟಮ್ ಮಾಹಿತಿಯಲ್ಲಿ 6.61 (ಸೋನಿಯ ಕೊನೆಯ ಸಿಸ್ಟಮ್ ತಂತ್ರಾಂಶ) ಎಂದಿದ್ದರೆ ಈ ಹಂತವೇ ಬೇಡ. ಇಲ್ಲದಿದ್ದರೆ ವೈಫೈಯನ್ನು ನೆಚ್ಚಬೇಡಿ. ಪಿಎಸ್‌ಪಿಯದು ಹಳೆಯ ಕಾಲದ ವೈಫೈ, ಈಗಿನ ರೂಟರುಗಳ ಜೊತೆ ಹೊಂದುವುದೇ ಅಪರೂಪ. ಹಳೆಯ ಕ್ಯಾಮೆರಾಗಳಿಗೆ ಬರುತ್ತಿದ್ದ ಮಿನಿ ಯುಎಸ್‌ಬಿ ಕೇಬಲ್ ಹುಡುಕಿ. ಕಾರ್ಡಿನ ಪಿಎಸ್‌ಪಿ ಫೋಲ್ಡರಿನೊಳಗಿನ ಗೇಮ್ ಫೋಲ್ಡರಿನಲ್ಲಿ ಅಪ್‌ಡೇಟ್ ಎಂಬ ಹೊಸ ಫೋಲ್ಡರ್ ಮಾಡಿ, ಹೆಸರು ಇಂಗ್ಲಿಷಿನ ದೊಡ್ಡಕ್ಷರದಲ್ಲಿರಲಿ. 6.61ರ ಫೈಲನ್ನು ಅದರೊಳಗಿಡಿ. ಚಾರ್ಜರ್ ಸಿಕ್ಕಿಸದೆ, ಬ್ಯಾಟರಿ ಸಾಕಷ್ಟು ತುಂಬಿರದೆ ಯಂತ್ರ ಅಪ್‌ಡೇಟ್ ಶುರು ಮಾಡುವುದಿಲ್ಲ. ಅದಕ್ಕೆ ಕಾರಣವಿದೆ. ಸಿಸ್ಟಮ್ ತಂತ್ರಾಂಶ ಇರುವ ಒಳಗಿನ ಫ್ಲ್ಯಾಶ್ ಮೆಮೊರಿಯನ್ನು ಅಳಿಸಿ ಬರೆಯುತ್ತಿರುವ ಆ ಕೆಲವು ನಿಮಿಷ ಕರೆಂಟು ಹೋದರೆ ಕಾಯುವುದು ಬ್ಯಾಟರಿ ಒಂದೇ. ಅದೂ ನಿಂತರೆ ಬರಹ ಅರ್ಧಕ್ಕೆ ಉಳಿದು, ಮತ್ತೆ ಆನ್ ಮಾಡಿದರೆ ಹಸಿರು ದೀಪ ಹತ್ತಿದರೂ ಪರದೆ ಕಪ್ಪಾಗಿಯೇ ಇರುತ್ತದೆ. ನಮ್ಮ ಕಾಸರಗೋಡಿನಲ್ಲಿ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದು. ಈ ಕೆಲಸ ಬೆಳಗ್ಗೆಯೇ ಮುಗಿಸಿ. ಮೋಡ ಕಟ್ಟಿದ್ದರೆ ನಾಳೆಗೆ ಇಡಿ.

ಮಾಡ್ ಮಾಡುವುದು ಇದರ ಮುಂದೆ ಸುಲಭ. ಆರ್ಕ್-4 ಎಂಬ ಮಾಡ್ ತಂತ್ರಾಂಶ ಇಳಿಸಿಕೊಂಡು, ಅದರ 01234 ಅಂಕಿಯ ಫೋಲ್ಡರನ್ನು ಪಿಎಸ್‌ಪಿ ಫೋಲ್ಡರಿನ ಸೇವ್‌ಡೇಟಾಕ್ಕೆ, ಮಾಡ್ ಶುರು ಮಾಡುವ ಲೋಡರನ್ನು ಗೇಮ್ ಫೋಲ್ಡರಿಗೆ ಹಾಕಿ, ಪಿಎಸ್‌ಪಿಯ ಗೇಮ್ ಪಟ್ಟಿಯಿಂದ ಲೋಡರ್ ಓಡಿಸಿ. ಪೂರ್ತಿ ಆಫ್ ಮಾಡಿದಾಗ ಇದು ಹೋಗುತ್ತದೆ, ಮತ್ತೆ ಲೋಡರ್ ಓಡಿಸಬೇಕು. ಅಷ್ಟೇ ಕಷ್ಟ. ಶಾಶ್ವತವಾಗಿ ಕೂರಿಸುವ ದಾರಿ ಇದ್ದರೂ ಮೊದಲ ಸಲ ಮಾಡುವವರಿಗೆ ಅದು ಖಂಡಿತ ಬೇಡ, ಅದು ಮತ್ತೆ ಫ್ಲ್ಯಾಶನ್ನು ಮುಟ್ಟುತ್ತದೆ. ಸ್ವಿಚ್ಚನ್ನು ಹಿಡಿದಿಡದೆ ಒಮ್ಮೆ ಮಾತ್ರ ಮೇಲೆ ಸರಿಸಿ ಬಿಟ್ಟರೆ ಯಂತ್ರ ನಿದ್ದೆಗೆ ಹೋಗುತ್ತದೆ, ಮಾಡ್ ಹಾಗೆಯೇ ಉಳಿಯುತ್ತದೆ.

ಆಟ ತುಂಬಿಸಿದ ಕಾರ್ಡುಗಳನ್ನು ಮಾರುವವರಿಂದ ಕೊಳ್ಳಬೇಡಿ. ನಿಮ್ಮಲ್ಲಿ ಯುಎಂಡಿ ಇದ್ದರೆ, ಮಾಡ್ ಆದ ಮೇಲೆ ಸೆಲೆಕ್ಟ್ ಒತ್ತಿ, ಬರುವ ಮೆನುವಿನಲ್ಲಿ ಯುಎಸ್‌ಬಿ ಸಾಧನವಾಗಿ ಯುಎಂಡಿಯನ್ನು ಆರಿಸಿ, ಕಂಪ್ಯೂಟರಿಗೆ ಜೋಡಿಸಿ. ಡಿಸ್ಕ್ ಒಂದು ಐಎಸ್‌ಒ ಫೈಲ್ ಆಗಿ, ಅಂದರೆ ಇಡೀ ಡಿಸ್ಕಿನ ಪ್ರತಿಯಾಗಿ, ಕಾಣುತ್ತದೆ. ಕಾರ್ಡಿನಲ್ಲಿ ಐಎಸ್‌ಒ ಹೆಸರಿನ ಫೋಲ್ಡರ್ ಮಾಡಿ ಅಲ್ಲಿಗೆ ನಕಲು ಮಾಡಿ.

ಆಟಿಯ ಮಳೆಗೆ ಆಡದೆ ಎತ್ತಿಡುವುದಾದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಹೊರತೆಗೆದು, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಪಿಎಸ್‌ಪಿಗೆ ಇನ್ನೊಂದು ಡಬ್ಬಿ.