ಬ್ರೇಕ್ ಒತ್ತುವ ಮೊದಲೇ ಚಾರ್ಜ್ ಉಳಿಸಿ

ಬ್ರೇಕ್ ಹಾಕಿದರೆ ಹೇಗೂ ಬ್ಯಾಟರಿಗೆ ಚಾರ್ಜ್ ವಾಪಸ್ ಬರುತ್ತದಲ್ಲ, ಎಲೆಕ್ಟ್ರಿಕ್ ಕಾರನ್ನು ಹೇಗೆ ಓಡಿಸಿದರೇನು ಎನ್ನುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 1,500 ಕೆ.ಜಿ. ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 58 ವ್ಯಾಟ್ ಅವರ್. ಕಾರು ನಿಂತು ಮತ್ತೆ ಹೊರಡುವಾಗ ಈ ಶಕ್ತಿ ಚಕ್ರ, ಮೋಟಾರ್, ಇವೆರಡರ ನಂತರ ವಿದ್ಯುತ್ತನ್ನು ಬ್ಯಾಟರಿಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರ್ ದಾಟಿ ಬ್ಯಾಟರಿ ಸೇರಿ, ಅದೇ ದಾರಿಯಲ್ಲಿ ಹಿಂದಿರುಗಬೇಕು. ಪ್ರತಿ ಹಂತದಲ್ಲೂ ಒಂದಿಷ್ಟು ಶಾಖವಾಗಿ ಸೋರುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಅಥವಾ ತೀರಾ ತಣ್ಣಗಿದ್ದರೆ ವಾಪಸ್ ಬರುವುದು ಇನ್ನೂ ಕಡಿಮೆ. ಹಾಗಾಗಿ ಬ್ರೇಕ್ ಒತ್ತುವ ಪ್ರಸಂಗವೇ ಬರದಂತೆ ಓಡಿಸುವುದು ಲಾಭ. ಮುಂದೇನಿದೆ ಎಂದು ಮೊದಲೇ ತಿಳಿಸುವ ಕನೆಕ್ಟೆಡ್ (ಹೊರಗಿನ ಜಾಲದೊಂದಿಗೆ ಸಂಪರ್ಕವಿರುವ) ಸೌಲಭ್ಯಗಳು ನೆರವಾಗುವುದು ಇಲ್ಲೇ.

ಮೊದಲು, ಚಾರ್ಜರ್ ಪ್ಲಗ್‌ನಲ್ಲಿರುವಾಗಲೇ ಆ್ಯಪ್‌ನಲ್ಲಿ ಹೊರಡುವ ಸಮಯ ನಮೂದಿಸಿ. ಕಾರಿನ ಒಳಭಾಗವನ್ನು ತಂಪು ಅಥವಾ ಬೆಚ್ಚಗೆ ಮಾಡುವ ವಿದ್ಯುತ್ ಆಗ ಬ್ಯಾಟರಿಯ ಬದಲು ಪ್ಲಗ್‌ನಿಂದ ಬರುತ್ತದೆ.

ಎರಡನೆಯದು, ದಾರಿ ಗೊತ್ತಿದ್ದರೂ ಕಾರಿನದೇ ನ್ಯಾವಿಗೇಶನ್‌ಗೆ ಊರು ಹೇಳಿ. ಫೋನ್ ನಕ್ಷೆ ನೋಡಿಕೊಂಡು ಹೋದರೆ ಏರಿಳಿತ, ದಟ್ಟಣೆ, ಚಾರ್ಜಿಂಗ್ ಜಾಗ ನಿಮಗೆ ಗೊತ್ತಾಗಬಹುದು, ಕಾರಿಗೆ ಗೊತ್ತಾಗದೆ ಹೋಗಬಹುದು. ಗೊತ್ತಾದರೆ, ಈ ಸೌಲಭ್ಯವಿರುವ ಕಾರುಗಳು ಫಾಸ್ಟ್ ಚಾರ್ಜರ್ ತಲುಪುವ ಮೊದಲೇ ಬ್ಯಾಟರಿಯನ್ನು ಹದವಾದ ಉಷ್ಣತೆಗೆ ತರುತ್ತವೆ. ಇದಕ್ಕೆ ಸ್ವಲ್ಪ ವಿದ್ಯುತ್ ಖರ್ಚಾಗುತ್ತದೆ ನಿಜ. ಉಳಿಯುವುದು ಚಾರ್ಜಿಂಗ್ ಸಮಯ.

ಮೂರನೆಯದೇ ಮುಖ್ಯ. ಮುಂದಿನ ಸಿಗ್ನಲ್ ಯಾವಾಗ ಹಸಿರಾಗುತ್ತದೆ, ಅಷ್ಟರಲ್ಲಿ ತಲುಪಲು ಎಷ್ಟು ವೇಗ ಸಾಕು ಎಂದು ಕೆಲವು ಕಾರುಗಳು ಪರದೆಯಲ್ಲಿ ತೋರಿಸುತ್ತವೆ. ಆಡಿ ಇಂಥ ಸಿಗ್ನಲ್ ಮಾಹಿತಿ ಸೇವೆಯನ್ನು 2016ರಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಆರಂಭಿಸಿತು. ನಗರದ ಸಿಗ್ನಲ್ ವ್ಯವಸ್ಥೆ ಮಾಹಿತಿ ಕೊಟ್ಟರಷ್ಟೇ ಇದು ನಡೆಯುತ್ತದೆ; ಕಾರೊಂದೇ ಜಾಣನಾದರೆ ಸಾಲದು. ಪರದೆ ಕಡಿಮೆ ವೇಗ ಸೂಚಿಸಿದರೆ ಆಗಲೇ ಆ್ಯಕ್ಸಿಲರೇಟರ್‌ನಿಂದ ಕಾಲು ಸಡಿಲಿಸಿ, ಕೆಂಪು ದೀಪದವರೆಗೆ ನುಗ್ಗಿ ಹೋಗಬೇಡಿ. ಹಿಂದಿನವರು ಹಾರ್ನ್ ಹೊಡೆದಾರು, ಹೊಡೆಯಲಿ.

ನಾಲ್ಕನೆಯದು ಹೆದ್ದಾರಿಗೆ. ಮುಂದಿನ ವಾಹನ ನೋಡಿ ಕಾರು ತಾನೇ ವೇಗ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್‌ನಲ್ಲಿ ಮುಂದಿನ ವಾಹನದೊಂದಿಗಿನ ಅಂತರ ಹೆಚ್ಚಿಸಿ. ಅಂತರ ಕಿರಿದಾದರೆ ಮುಂದಿನವರು ಬ್ರೇಕ್ ಹಾಕಿದಾಗಲೆಲ್ಲ ನಿಮ್ಮ ಕಾರೂ ಹಾಕುತ್ತದೆ, ಮತ್ತೆ ವೇಗ ಹಿಡಿಯುತ್ತದೆ. ವಾಹನಗಳು ಪರಸ್ಪರ ರೇಡಿಯೊ ಸಂಪರ್ಕದಲ್ಲಿದ್ದರೆ ಹತ್ತಿರ ಹತ್ತಿರ ಸಾಲಾಗಿ ಸಾಗಿ ಗಾಳಿಯ ತಡೆ ತಗ್ಗಿಸಬಹುದು. ಆದರೆ ಕಣ್ಣಳತೆ ನಂಬಿ ಲಾರಿಯ ಬೆನ್ನಿಗೆ ಅಂಟಿಕೊಂಡು ಓಡಿಸುವುದು ಅಪಾಯ. ವೇಗದ ಮಿತಿ ನಿಗದಿ ಮಾಡುವಾಗಲೂ ಕೈ ಬಿಗಿಯಿರಲಿ: ಗಂಟೆಗೆ 80 ಕಿ.ಮೀ. ಬದಲು 100 ಎಂದರೆ ಗಾಳಿಯ ತಡೆ ಸುಮಾರು 56% ಹೆಚ್ಚು. ಇದನ್ನು ಸರಿದೂಗಿಸುವ ಸಾಫ್ಟ್‌ವೇರ್ ಇಲ್ಲ.

ನಿಲ್ಲಿಸಿದ ಮೇಲೆ ಚಾರ್ಜ್ ಎಷ್ಟಿದೆ ಎಂದು ಆ್ಯಪ್ ತೆರೆದು ಪದೇ ಪದೇ ನೋಡಬೇಡಿ. ಹಲವು ಕಾರುಗಳಲ್ಲಿ ಪ್ರತಿ ಸಲವೂ ಒಳಗಿನ ಕಂಪ್ಯೂಟರ್ ಎಚ್ಚರಗೊಂಡು ಅದೇ ಚಾರ್ಜನ್ನು ತಿನ್ನುತ್ತದೆ.